ನಿಂತ ಗಾಡಿಯ ನೀಲಿ

ನೀಲಿಯನ್ನು ಕುರಿತು ಇದುವರೆಗೆ ಬರೆದವರೆಲ್ಲ ಒಂದೋ ಮುಗಿಲನ್ನು ನೋಡಿ ಬರೆದಿದ್ದಾರೆ, ಇಲ್ಲವೇ ಕಡಲನ್ನು ನೋಡಿ. ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಕೊಳವೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೂಗಿಗೆ ಬಿಸಿ ತಾಗುವಷ್ಟು ಹತ್ತಿರದಿಂದ ಆ ಬಣ್ಣವನ್ನು ನೋಡಿದವರು ಅದರ ಬಗ್ಗೆ ಒಂದು ಸಾಲನ್ನೂ ಬರೆದಂತಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಗುಮಾಸ್ತರು ಹಾಗೆ ಕೂತು ನೋಡಿದವರು. ಅವರು ಬರೆಯುವವರಲ್ಲ. ಅಲ್ಲಿ ನಡೆದದ್ದಕ್ಕೆ ಬೀದಿಯವರು ಈಗಾಗಲೇ ಬಾಲ ಕೊಂಬುಗಳನ್ನು ಹಚ್ಚಿರುವುದರಿಂದ, ನಡೆದದ್ದನ್ನು ನಡೆದಂತೆ ಯಾರಾದರೂ ಹೇಳಿಬಿಡುವುದು ಒಳ್ಳೆಯದು.

ಗುಮಾಸ್ತರು ತೂಕ ಮತ್ತು ಅಳತೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಊರಿನ ತಕ್ಕಡಿಗಳೆಲ್ಲ ನೆಟ್ಟಗಿವೆಯೆಂದು ಮುದ್ರೆ ಒತ್ತುವ ಕಚೇರಿ ಅದು. ಅವರ ಸ್ವಂತ ಬದುಕಿನ ತಕ್ಕಡಿಯಲ್ಲಿ ಮಾತ್ರ ಎದುರು ತಟ್ಟೆಯಲ್ಲಿ ಯಾವಾಗಲೂ ಷಡ್ಡಕ ಕೂತಿರುತ್ತಿದ್ದ. ಹೆಂಡತಿಯ ತಂಗಿಯ ಗಂಡ. ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟವನು. ದನಿ ದೊಡ್ಡದು, ಅಂಗಡಿ ಅದಕ್ಕಿಂತ ದೊಡ್ಡದು. ಕುಟುಂಬದಲ್ಲಿ ಯಾವ ಮಾತು ಎಲ್ಲಿಂದ ಶುರುವಾದರೂ ಅದು ಕೊನೆಗೆ ಷಡ್ಡಕನ ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಗುಮಾಸ್ತರ ತಟ್ಟೆ ಮೇಲೆ ತೂಗಾಡುತ್ತಲೇ ಇತ್ತು.

ಇಂಥ ಹೊತ್ತಿನಲ್ಲಿ ಅವರ ತಟ್ಟೆಗೆ ಒಂದು ಭಾರವಾದ ವಸ್ತು ಬಂದು ಬಿತ್ತು. ಮಾವನವರು ದನದ ಡಾಕ್ಟರಾಗಿದ್ದವರು. ಜೀವಮಾನವೆಲ್ಲ ಒಂದೇ ಮೋಟಾರ್ ಸೈಕಲ್ಲಿನಲ್ಲಿ ಓಡಾಡಿದವರು. ಅವರು ತೀರಿಕೊಂಡ ಮೇಲೆ ಅತ್ತೆ ಹಿರಿಯ ಮಗಳ ಮನೆಗೆ, ಅಂದರೆ ಗುಮಾಸ್ತರ ಮನೆಗೆ, ಇರಲು ಬಂದರು. ಅವರ ಹಾಸಿಗೆ ಮತ್ತು ಟ್ರಂಕಿನ ಹಿಂದೆಯೇ ಗಾಡಿಯೂ ಬಂತು. ಕಪ್ಪು ಟ್ಯಾಂಕು, ಅಗಲವಾದ ಸೀಟು, ಎಂಜಿನ್ನಿನ ಎದೆಯಿಂದ ಬಾಗಿ ಹಿಂದಕ್ಕೆ ಹರಿಯುವ ಹೊಳೆಹೊಳೆವ ಕೊಳವೆ. ಕಿಲೋಮೀಟರ್ ಮುಳ್ಳು ಮಾವನವರ ಕಾಲದಲ್ಲೇ ದಣಿದು ನಿಂತುಹೋಗಿತ್ತು. ಗಾಡಿಯ ಬೀಗದ ಕೈಯನ್ನು ಅತ್ತೆ ಹಿರಿಯ ಅಳಿಯನ ಅಂಗೈಯಲ್ಲಿಟ್ಟು, ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಮುನ್ನ ಒಂದು ಷರತ್ತನ್ನೂ ಇಟ್ಟರು.

"ನಿಂತ ಗಾಡಿಗೆ ತುಕ್ಕು ಹಿಡಿಯುತ್ತೆ ಅಳಿಯಂದ್ರೇ. ದಿನಾ ಓಡಬೇಕು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ಸಂಕೋಚ ಬೇಡ. ಚಿಕ್ಕ ಅಳಿಯಂದ್ರು ಕೇಳ್ತಾನೇ ಇದ್ದಾರೆ."

ಗುಮಾಸ್ತರು ದಿನಾ ಓಡಿಸುತ್ತೇನೆಂದು ಒಪ್ಪಿಕೊಂಡರು. ಆ ಒಪ್ಪಿಗೆಯಲ್ಲಿದ್ದ ದೋಷ ಒಂದೇ: ಅವರಿಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತಿರಲಿಲ್ಲ.

ಕಲಿಯಲು ಅವರು ಪ್ರಯತ್ನಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಒಂದು ಮುಂಜಾನೆ ಹೆಂಡತಿಯನ್ನು ಕರೆದುಕೊಂಡು, ಗಾಡಿಯನ್ನು ತಳ್ಳಿಕೊಂಡು, ಖಾಲಿ ಮೈದಾನಕ್ಕೆ ಹೋದರು. ಕ್ಲಚ್ಚು ಹಿಡಿದರು, ಗೇರು ಹಾಕಿದರು, ಕ್ಲಚ್ಚು ಬಿಟ್ಟರು. ಗಾಡಿ ಹೋಯಿತು, ಅವರು ಉಳಿದರು. ಸವಾರನಿಲ್ಲದೆ ಸ್ವಲ್ಪ ದೂರ ಬಹಳ ಘನತೆಯಿಂದ ಸಾಗಿದ ಆ ಗಾಡಿ, ಹುಲ್ಲಿನ ಮೇಲೆ ಮೆಲ್ಲನೆ ಮಲಗಿಕೊಂಡಿತು. ನೋಡಿದವರು ಇಬ್ಬರೇ, ಹೆಂಡತಿ ಮತ್ತು ಒಂದು ಆಡು. ಆಡು ಯಾರಿಗೂ ಹೇಳಲಿಲ್ಲ. ಹೆಂಡತಿಯೂ ಹೇಳಲಿಲ್ಲ, ಆದರೆ ಮನೆಗೆ ಬರುವವರೆಗೂ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಇದ್ದಳು.

ಗಾಡಿಯನ್ನು ಷಡ್ಡಕನಿಗೆ ಒಪ್ಪಿಸಿಬಿಡಬಹುದಿತ್ತು. ಆದರೆ ಸಂಜೆ ಕಚೇರಿಯಿಂದ ಬಂದು ಆ ಕಪ್ಪು ಟ್ಯಾಂಕಿನ ಮೇಲೆ ಅಂಗೈ ಇಟ್ಟರೆ ಗುಮಾಸ್ತರಿಗೆ ಒಂದು ಬಗೆಯ ಎತ್ತರ ಬರುತ್ತಿತ್ತು. ಬದುಕಿನಲ್ಲಿ ಷಡ್ಡಕ ಬಯಸಿ, ಅವರಿಗೆ ಸಿಕ್ಕಿದ್ದ ವಸ್ತು ಅದೊಂದೇ. ಅದನ್ನು ಉಳಿಸಿಕೊಳ್ಳಲು ಅವರು ಒಂದು ವಿದ್ಯೆಯನ್ನು ಸ್ವಂತ ಶ್ರಮದಿಂದ ಕಟ್ಟಿದರು.

ಅತ್ತೆಯ ಕೋಣೆ ಮನೆಯ ಪಕ್ಕಕ್ಕಿತ್ತು. ಮಂಡಿನೋವಿನಿಂದ ಅವರು ಹೊರಗೆ ಬರುತ್ತಿದ್ದುದು ಅಪರೂಪ. ಅವರ ಕಿಟಕಿಗೆ ಕಾಂಪೌಂಡು ಗೋಡೆ ಕಾಣುತ್ತಿತ್ತು, ಅಂಗಳ ಕಾಣುತ್ತಿರಲಿಲ್ಲ. ಅಂಗಳದ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಗುಮಾಸ್ತರು ಪ್ರತಿದಿನ ಬೆಳಿಗ್ಗೆ ಗಾಡಿಯನ್ನು ಅಂಗಳದ ನಡುವೆ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಿಕ್ ಹೊಡೆಯುತ್ತಿದ್ದರು. ಕಿಕ್ ಹೊಡೆಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅರ್ಧ ಗಂಟೆ ಎಂಜಿನ್ ಗುಡುಗುತ್ತಿತ್ತು. ಹೊರಡುವ ಮುನ್ನ ಗಾಡಿ ಬಿಸಿಯಾಗಬೇಕೆಂದು ಅವರು ಅತ್ತೆಗೆ ಮೊದಲೇ ವಿವರಿಸಿದ್ದರು. ಆಮೇಲೆ ಒಮ್ಮೆ ಜೋರಾಗಿ ಎಕ್ಸಲರೇಟರ್ ತಿರುಗಿಸಿ, ಅಲ್ಲಿಂದ ಮಣಿಕಟ್ಟನ್ನು ಎಳೆಎಳೆಯಾಗಿ ಸಡಿಲಿಸುತ್ತ, ಸದ್ದನ್ನು ಬೀದಿಗೆ ಇಳಿಸಿ, ತಿರುವಿನಲ್ಲಿ ಹೊರಳಿಸಿ, ದೂರದ ರಸ್ತೆಯಲ್ಲಿ ಕರಗಿಸಿ, ಕೊನೆಗೆ ಬೀಗದ ಕೈ ತಿರುಗಿಸುತ್ತಿದ್ದರು. ಹೆಂಡತಿ ಸರಿಯಾದ ಗಳಿಗೆಯಲ್ಲಿ ಗೇಟನ್ನು ಸದ್ದಾಗುವಂತೆ ಹಾಕುತ್ತಿದ್ದಳು. ಒಂದು ಹೆಜ್ಜೆಯನ್ನೂ ಇಡದೆ ಇಷ್ಟು ದೂರ ಹೋಗಬಲ್ಲ ಕಲೆ ಸಾಮಾನ್ಯದ್ದಲ್ಲ.

ನಂತರ ಇಬ್ಬರೂ ಸೇರಿ ಗಾಡಿಯನ್ನು ಮನೆಯ ಇನ್ನೊಂದು ಪಕ್ಕದ ಓಣಿಗೆ ಸದ್ದಿಲ್ಲದೆ ತಳ್ಳಿ, ಹಳೆಯ ಹೊದಿಕೆ ಮುಚ್ಚುತ್ತಿದ್ದರು. ಗುಮಾಸ್ತರು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತುತ್ತಿದ್ದರು. ಬಸ್ಸಿನಲ್ಲಿ ಹೆಲ್ಮೆಟ್ ಏಕೆಂದು ಕಂಡಕ್ಟರ್ ಒಮ್ಮೆ ಕೇಳಿದಾಗ, ಈಗಿನ ಡ್ರೈವರುಗಳನ್ನು ನಂಬುವುದು ಕಷ್ಟವೆಂದು ಉತ್ತರಿಸಿದರು. ಸಂಜೆ ಇದೇ ವಿದ್ಯೆ ತಿರುಗುಮುರುಗಾಗಿ ನಡೆಯುತ್ತಿತ್ತು: ದೂರದಿಂದ ಬರುವ ಸದ್ದು, ಹತ್ತಿರವಾಗುವ ಸದ್ದು, ಅಂಗಳ, ಅರ್ಧ ಗಂಟೆ.

ಬಣ್ಣ ಕಂಡದ್ದು ಒಂದು ರಜೆಯ ದಿನ. ಬಟ್ಟೆಯ ಚೂರು ಹಿಡಿದು ಗಾಡಿ ಒರೆಸುತ್ತಿದ್ದ ಗುಮಾಸ್ತರ ಕೈ, ಎಂಜಿನ್ನಿನಿಂದ ಕೊಳವೆ ಬಾಗುವ ಜಾಗದಲ್ಲಿ ನಿಂತಿತು. ಕನ್ನಡಿಯಂತಿದ್ದ ಲೋಹ ಅಲ್ಲಿ ಕನ್ನಡಿಯಾಗಿ ಉಳಿದಿರಲಿಲ್ಲ. ದೂರದಿಂದ ಹತ್ತಿರಕ್ಕೆ ಬರುತ್ತ ಮೊದಲು ಒಣಹುಲ್ಲಿನ ಹಳದಿ, ಅದು ಮಾಗಿ ಜೇನು, ಜೇನು ಕಂದಿ ನೇರಳೆ, ನೇರಳೆ ತಣಿದು, ಎಂಜಿನ್ನಿಗೆ ಅಂಟಿದಂತೆ, ನವಿಲಿನ ಕತ್ತಿನ ನೀಲಿ. ಯಾವ ಬಣ್ಣ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ತೊಡಗಿತು ಎಂಬ ಗೆರೆಯೇ ಇರಲಿಲ್ಲ. ಯಾರೋ ಒಂದು ಇಡೀ ಸಂಜೆಯನ್ನು ಗೇಣುದ್ದದ ಕೊಳವೆಗೆ ಸುತ್ತಿಟ್ಟಂತಿತ್ತು. ಗುಮಾಸ್ತರು ಬಹಳ ಹೊತ್ತು ನೋಡಿದರು. ಚೆನ್ನಾಗಿದೆ ಎಂದು ಮನಸ್ಸಿಗೆ ಮೊದಲು ಅನ್ನಿಸಿತು. ಅತ್ತೆಗೆ ಗೊತ್ತಾದರೆ ಗತಿಯೇನೆಂದು ಆಮೇಲೆ ಹೊಳೆಯಿತು.

ಹೆಂಡತಿ ಬಂದಳು, ಬೆರಳಿನಿಂದ ಮುಟ್ಟಿ ನೋಡಿದಳು, ಬೆರಳನ್ನು ನೋಡಿಕೊಂಡಳು. ಬಣ್ಣ ಬೆರಳಿಗೆ ಬಂದಿರಲಿಲ್ಲ. ಅಡುಗೆಮನೆಯ ಶಸ್ತ್ರಾಗಾರ ಅಂಗಳಕ್ಕೆ ಇಳಿಯಿತು. ಸಾಬೂನಿನ ನೀರು ಹಾಕಿದರು. ನೀಲಿ ತೊಳೆದ ನೀಲಿಯಾಯಿತು. ಟೂತ್‌ಪೇಸ್ಟ್ ಹಚ್ಚಿದರು, ಗಾಡಿ ಆಗತಾನೇ ಎದ್ದು ಬಾಯಿ ತೊಳೆದಂತೆ ಪರಿಮಳ ಬೀರಿತು. ನಿಂಬೆಹೋಳಿನಿಂದ ಉಜ್ಜಿದರು, ಅಡುಗೆ ಸೋಡಾ ಉದುರಿಸಿದರು. ಸೋಡಾ ನಿಂಬೆರಸದೊಡನೆ ಸೇರಿ ನೊರೆಯುಕ್ಕಿ, ಸಿಡಿದು ಗುಮಾಸ್ತರ ಕನ್ನಡಕವನ್ನು ಮುಚ್ಚಿತು. ನೊರೆ ಇಳಿದಾಗ ನೀಲಿ ಮೊದಲಿಗಿಂತ ಲವಲವಿಕೆಯಿಂದ ಹೊಳೆಯಿತು.

"ಇದು ಕೊಳೆ ಅಲ್ಲ ಕಣ್ರೀ," ಎಂದಳು ಹೆಂಡತಿ. "ಕೊಳೆ ಆಗಿದ್ರೆ ನನ್ನ ಕೈಗೆ ಸಿಕ್ಕಿ ಉಳೀತಿತ್ತಾ?"

ಆ ಹೊತ್ತಿಗೆ ಕಾಂಪೌಂಡು ಗೋಡೆಯ ಮೇಲೆ ಪಕ್ಕದ ಮನೆಯ ಔಷಧಿ ಅಂಗಡಿಯವರ ತಲೆ ಮೂಡಿತ್ತು. ಬೀದಿಯ ಯಾವ ಕಾಯಿಲೆಯನ್ನೂ ವೈದ್ಯರಿಗಿಂತ ಮುಂಚೆ ಗುರುತಿಸಬಲ್ಲೆನೆಂಬ ನಂಬಿಕೆಯ ಮನುಷ್ಯ. ಅವರು ಗೋಡೆಯ ಮೇಲಿಂದಲೇ ರೋಗಿಯನ್ನು ಪರೀಕ್ಷಿಸಿ, ಆಮೇಲೆ ಸುತ್ತಿಕೊಂಡು ಬಂದು ಹತ್ತಿರದಿಂದಲೂ ಪರೀಕ್ಷಿಸಿ, ಇದು ಬಿಸಿಯಿಂದ ಬಂದ ಬಣ್ಣ, ಸಾಮಾನ್ಯ ಬಿಸಿಯಲ್ಲ, ಬಹಳ ಬಿಸಿ ಎಂದು ತೀರ್ಮಾನ ಕೊಟ್ಟರು. ಲೋಹ ಇಷ್ಟು ಕಾಯಬೇಕಾದರೆ ಗಾಡಿ ಎಷ್ಟು ದೂರ ಓಡಿರಬೇಕು ಎಂದು ತಮ್ಮನ್ನೇ ಕೇಳಿಕೊಂಡು, ಗುಮಾಸ್ತರ ಕಡೆಗೆ ಹೊಸ ಕಣ್ಣುಗಳಿಂದ ನೋಡಿದರು.

"ಎಲ್ಲಿಗೆಲ್ಲ ಹೋಗಿದ್ರಿ ಸಾರ್?"

ಇಲ್ಲಿ ಗುಮಾಸ್ತರು ನಿಜ ಹೇಳಬಹುದಿತ್ತು, ಸುಳ್ಳನ್ನೂ ಹೇಳಬಹುದಿತ್ತು. ಅವರು ಎರಡನ್ನೂ ಹೇಳದೆ, ಗೋಡೆಯಾಚೆಯ ಮರದ ತುದಿಯತ್ತ ದೃಷ್ಟಿ ನೆಟ್ಟು, "ಎಲ್ಲಿಗೆ ಅಂತ ಹೇಳ್ಲಿ," ಎಂದರು.

ಅಷ್ಟೇ ಸಾಕಾಯಿತು. ಎಲ್ಲಿಗೆ ಎಂದು ಹೇಳಲು ಬಾರದಷ್ಟು ಕಡೆಗೆ ಹೋಗಿಬಂದವರೆಂಬ ಸುದ್ದಿ ಅಂದಿನ ಸಂಜೆಯೊಳಗೆ ಔಷಧಿ ಅಂಗಡಿಯ ಕೌಂಟರಿನಿಂದ ಕೆಮ್ಮಿನ ಸಿರಪ್ಪಿನ ಜೊತೆ, ತಲೆನೋವಿನ ಮಾತ್ರೆಯ ಜೊತೆ, ಮನೆಮನೆಗೆ ತಲುಪಿತು. ಗುಮಾಸ್ತರು ವಾರದ ಕೊನೆಗೆ ಬೆಟ್ಟಗಳನ್ನು ಹತ್ತಿಳಿಯುತ್ತಾರೆಂದು ಕೆಲವರು, ರಾತ್ರಿ ಹೊರಟು ಬೆಳಗಾಗುವುದರೊಳಗೆ ಕಡಲು ಮುಟ್ಟಿ ಬರುತ್ತಾರೆಂದು ಕೆಲವರು. ಬೀದಿಯ ಜನ ಕೊಳವೆಯನ್ನು ನೋಡಲು ಬಂದರು. ಹೆಲ್ಮೆಟ್ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತ ಗುಮಾಸ್ತರನ್ನು ಕಂಡವರು, ಗಾಡಿಯನ್ನು ಎಲ್ಲೋ ದೂರದ ಊರಿನಲ್ಲಿ ಬಿಟ್ಟು ಬಂದಿರಬೇಕೆಂದು ಗೌರವದಿಂದ ಊಹಿಸಿಕೊಂಡರು.

ಕಚೇರಿಗೂ ಗಾಳಿಸುದ್ದಿ ಮುಟ್ಟಿತು. ಆಗತಾನೇ ಹೊಸದಾಗಿ ಗಾಡಿ ಕೊಂಡಿದ್ದ ಮೇಲಧಿಕಾರಿ ಅವರನ್ನು ಒಳಗೆ ಕರೆಸಿ ಕೂರಿಸಿದರು. ಆ ಕುರ್ಚಿಯಲ್ಲಿ ಗುಮಾಸ್ತರು ಕೂತದ್ದು ಅದೇ ಮೊದಲು. ಬೆಟ್ಟದ ರಸ್ತೆಯ ಕಡಿದಾದ ತಿರುವುಗಳಲ್ಲಿ ಏನು ಮಾಡಬೇಕೆಂದು ಅಧಿಕಾರಿ ಕೇಳಿದರು.

ಗುಮಾಸ್ತರು ಬಹಳ ಹೊತ್ತು ಯೋಚಿಸಿ, "ತಿರುಗಬೇಕು ಸಾರ್," ಎಂದರು.

ಅಧಿಕಾರಿ ತಲೆದೂಗಿದರು. ಅನುಭವಸ್ಥರ ಮಾತು ಎಷ್ಟು ಚಿಕ್ಕದಾಗಿರುತ್ತದೆಂದು ಆ ದಿನವೆಲ್ಲ ಬಂದವರಿಗೆಲ್ಲ ಹೇಳಿದರಂತೆ.

ಇದೆಲ್ಲ ಹೀಗೇ ಸಾಗಿದ್ದರೆ ಗುಮಾಸ್ತರಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಔಷಧಿ ಅಂಗಡಿಯವರು ಅತ್ತೆಗೆ ಮಂಡಿಯ ಮುಲಾಮು ಕೊಡಲು ಬಂದವರು, ಅಳಿಯನ ಸಾಹಸವನ್ನು ಹೊಗಳುವ ಭರದಲ್ಲಿ, ಕೊಳವೆ ಹೇಗೆ ನೀಲಿಗಟ್ಟಿದೆ ಎಂಬುದನ್ನೂ ಬಣ್ಣಿಸಿ ಹೋದರು. ಅತ್ತೆ ಮುಲಾಮಿನ ಮುಚ್ಚಳ ತಿರುಗಿಸುತ್ತ ಕೇಳಿಸಿಕೊಂಡರು. ತಮ್ಮ ಯಜಮಾನರ ಕಾಲದಲ್ಲಿ ಆ ಪೈಪು ಕನ್ನಡಿಯಂತಿತ್ತು, ಎಂಥ ಬೇಸಿಗೆಯಲ್ಲೂ ಬಣ್ಣ ಕೆಟ್ಟಿರಲಿಲ್ಲ ಎಂದರು. ಆಮೇಲೆ ಮಗಳನ್ನು ಕರೆದು, ಲೋಹದ ವಿಷಯ ತಿಳಿದವರು ಒಮ್ಮೆ ನೋಡಲಿ, ಚಿಕ್ಕ ಅಳಿಯಂದಿರಿಗೆ ಭಾನುವಾರ ಬರಲು ಫೋನ್ ಮಾಡು ಎಂದರು.

ಷಡ್ಡಕ ಬರುತ್ತೇನೆಂದ. ಬರುವಾಗ ಬಸ್ಸಿನಲ್ಲಿ ಬರುತ್ತೇನೆ, ಹೋಗುವಾಗಿನ ಏರ್ಪಾಡು ಅಲ್ಲೇ ಆಗುತ್ತದಲ್ಲ ಎಂದೂ ಅಂದನಂತೆ. ಈ ಮಾತನ್ನು ಹೆಂಡತಿ ತಂದು ಮುಟ್ಟಿಸಿದಾಗ ಗುಮಾಸ್ತರು ಊಟದ ತಟ್ಟೆಯ ಮುಂದೆ ಕೂತಿದ್ದರು. ಕಲಸಿದ ಅನ್ನವನ್ನು ಮತ್ತೆ ಕಲಸತೊಡಗಿದರು. ಹಾಳಾದ ಕೊಳವೆ ಕಂಡರೆ ಗಾಡಿ ಹೋಯಿತು.

ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದರು. ಗಾಡಿಯನ್ನು ಗ್ಯಾರೇಜಿಗೆ ತರಲು ಏನು ಕಷ್ಟವೆಂದು ಅವನು ಕೇಳಿದ್ದಕ್ಕೆ ಗುಮಾಸ್ತರು ಕೇಳಿಸದವರಂತಿದ್ದರು. ಅವನು ಕೊಳವೆಯನ್ನು ನಾಲ್ಕಾರು ಕಡೆಯಿಂದ ನೋಡಿ, ಮೊದಲು ಪೆಟ್ರೋಲಿನ ಮೇಲೆ ತಪ್ಪು ಹೊರಿಸಿದ, ಆಮೇಲೆ ಆಯಿಲಿನ ಮೇಲೆ, ಕೊನೆಗೆ ಈಗ ಬರುವ ಲೋಹದ ಮೇಲೆ. ಈ ಗಾಡಿ ಈಗಿನದಲ್ಲ ಎಂದಾಗ, ಹಾಗಾದರೆ ಆಗಿನ ಲೋಹದ ಮೇಲೆ. ಬೂದುಬಣ್ಣದ ಪಾಲಿಶಿನ ಡಬ್ಬಿ ತೆಗೆದು ಬಟ್ಟೆಗೆ ಹಚ್ಚಿ ಉಜ್ಜತೊಡಗಿದ ಮೇಲೆ ಮಾತ್ರ ಅಲ್ಲಿದ್ದವರು ಮುಂದಕ್ಕೆ ಬಾಗಿ ನೋಡಿದರು. ನೀಲಿ ತೆಳುವಾಯಿತು, ನೇರಳೆ ಹಿಂಜರಿಯಿತು, ಜೇನು ಕರಗಿತು. ಅಷ್ಟು ಆಳದ ಬಣ್ಣ ನಿಜಕ್ಕೂ ಈರುಳ್ಳಿಯ ಸಿಪ್ಪೆಗಿಂತ ತೆಳುವಾದ ಪೊರೆಯಾಗಿ ಲೋಹದ ಮೇಲೆ ಕೂತಿತ್ತಷ್ಟೆ. ಗುಮಾಸ್ತರಿಗೆ ಸಮಾಧಾನವೂ ಆಯಿತು, ಏನನ್ನೋ ಕಳೆದುಕೊಂಡಂತೆಯೂ ಆಯಿತು. ಬಟ್ಟೆಯಲ್ಲಿ ಉಳಿದದ್ದು ಬರೀ ಕಪ್ಪು. ಅಷ್ಟು ಬಣ್ಣಗಳು ಎಲ್ಲಿಗೆ ಹೋದವೆಂದು ಅವರು ಬಟ್ಟೆಯನ್ನು ಮಗುಚಿ ಮಗುಚಿ ನೋಡಿದರು.

ಮತ್ತೆ ಬರುತ್ತದೆಯೇ ಎಂಬ ಪ್ರಶ್ನೆಗೆ ಮೆಕ್ಯಾನಿಕ್ ಡಬ್ಬಿ ಮುಚ್ಚುತ್ತ ಉತ್ತರಿಸಿದ. ಗುಮಾಸ್ತರ ದೂರಪಯಣಗಳ ಖ್ಯಾತಿ ಅವನ ಕಿವಿಗೂ ಬಿದ್ದಿತ್ತು.

"ನೀವು ತುಂಬಾ ನಿಧಾನ ಓಡಿಸ್ತೀರಿ ಅನ್ಸುತ್ತೆ ಸಾರ್. ಪೈಪಿಗೆ ಎದುರು ಗಾಳಿ ಚೆನ್ನಾಗಿ ಹೊಡೀಬೇಕು. ಗಾಳಿ ಸಿಕ್ರೆ ನೀಲಿ ಬರಲ್ಲ."

ಗುಮಾಸ್ತರು ಈ ಮಾತನ್ನು ಶ್ರದ್ಧೆಯಿಂದ ಮನಸ್ಸಿನಲ್ಲಿಟ್ಟುಕೊಂಡರು. ಮುಂದಿನ ಅನಾಹುತಕ್ಕೆ ಈ ಶ್ರದ್ಧೆಯೇ ಕಾರಣ.

ಭಾನುವಾರ ಬೆಳಿಗ್ಗೆ ಕೊಳವೆ ಕನ್ನಡಿಯಾಗಿತ್ತು. ಷಡ್ಡಕ ಮಧ್ಯಾಹ್ನದ ಹೊತ್ತಿಗೆ ಬರುವವನು. ಅಲ್ಲಿಯವರೆಗೆ ಗಾಡಿಯನ್ನು ಮುಟ್ಟುವುದೇ ಬೇಡವೆಂದು ಗಂಡಹೆಂಡಿರು ಗೊತ್ತುಮಾಡಿಕೊಂಡು, ಅಂಗಳದಲ್ಲಿ ತುದಿಗಾಲಲ್ಲಿ ಓಡಾಡುತ್ತಿದ್ದರು. ಆಗ ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು. ಇವತ್ತು ಗಾಡಿಯ ಸದ್ದೇ ಇಲ್ಲವಲ್ಲ, ಅಳಿಯಂದಿರಿಗೆ ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಹುಷಾರಾಗಿದ್ದಾರೆ, ಇನ್ನೇನು ಹೊರಡುತ್ತಾರೆ ಎಂದು ಮಗಳು ಹೇಳಲೇಬೇಕಾಯಿತು.

ಕಿಕ್ ಬಿತ್ತು. ಎಂಜಿನ್ ಗುಡುಗಿತು. ಗುಮಾಸ್ತರು ಕೊಳವೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ, ಬೆಳಗಿನ ಬಿಸಿಲು ಗೋಡೆಯ ಮೇಲೆ ಹತ್ತುವ ಹಾಗೆ, ಕೊಳವೆಯ ಬಾಗಿದ ಮೈಮೇಲೆ ಒಂದು ಒಣಹುಲ್ಲಿನ ಛಾಯೆ ಹಬ್ಬತೊಡಗಿತು. ಅವರು ಉಫ್ ಎಂದು ಊದಿದರು. ಛಾಯೆ ನಿಲ್ಲಲಿಲ್ಲ. ಹೆಂಡತಿ ಒಳಗಿನಿಂದ ರಟ್ಟಿನ ತುಂಡು ತಂದು ಬೀಸಿದಳು. ಹಳದಿ ಜೇನಿಗೆ ತಿರುಗಿತು. ಗಾಳಿ ಸಾಲದು, ಎದುರು ಗಾಳಿ ಬೇಕು ಎಂದು ಗುಮಾಸ್ತರು ಒಳಗೆ ಓಡಿ, ಹಜಾರದ ಟೇಬಲ್ ಫ್ಯಾನನ್ನು ಎತ್ತಿ ತಂದು, ಕಿಟಕಿಯಿಂದ ವೈರು ಎಳೆದು, ಗಾಡಿಯ ಮೂತಿಗೆ ನೇರವಾಗಿ ಸ್ಟೂಲಿನ ಮೇಲೆ ಇಟ್ಟು, ಗುಂಡಿಯನ್ನು ಕೊನೆಯವರೆಗೆ ಒತ್ತಿದರು.

ಇದು ನೋಡಬೇಕಾದ ನೋಟ. ಸ್ಟ್ಯಾಂಡಿನ ಮೇಲೆ ನಿಂತ ಮೋಟಾರ್ ಸೈಕಲ್ ತನ್ನ ಜೀವವನ್ನೆಲ್ಲ ಒಟ್ಟುಗೂಡಿಸಿ ಗರ್ಜಿಸುತ್ತಿದೆ. ಅದರೆದುರು ಫ್ಯಾನು ತಲೆಯಾಡಿಸುತ್ತ, ಒಮ್ಮೆ ಗಾಡಿಗೆ, ಒಮ್ಮೆ ಬಟ್ಟೆ ಒಣಹಾಕಿದ ತಂತಿಗೆ, ಒಮ್ಮೆ ಹೆಂಡತಿಗೆ ಗಾಳಿ ಹಾಕುತ್ತಿದೆ. ಅದರ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು, ಅಲ್ಲಾಡದಂತೆ ಅಮುಕಿ, ಗುಮಾಸ್ತರು ಕಣ್ಣು ಕಿರಿದುಮಾಡಿ ನಿಂತಿದ್ದಾರೆ. ಹಾಗೆ ನಿಂತವರನ್ನು ನೋಡಿದರೆ, ಅಂಗಳ ಎಲ್ಲಿಗೋ ಬಹಳ ವೇಗವಾಗಿ ಸಾಗುತ್ತಿದೆ ಎಂದೇ ಯಾರಿಗಾದರೂ ಅನ್ನಿಸಬೇಕು. ಗೋಡೆಯ ಮೇಲೆ ಔಷಧಿ ಅಂಗಡಿಯವರ ತಲೆ ಮೂಡಿ, ಬಾಯಿ ತೆರೆದು, ಹಾಗೇ ಉಳಿಯಿತು.

ಅದೇ ಗಳಿಗೆಯಲ್ಲಿ ಗೇಟು ತೆರೆಯಿತು. ಮುಂಚಿನ ಬಸ್ಸಿಗೇ ಬಂದಿದ್ದ ಷಡ್ಡಕ ಕೈಯಲ್ಲಿ ಹೊಚ್ಚಹೊಸ ಹೆಲ್ಮೆಟ್ ಹಿಡಿದು ನಿಂತಿದ್ದ.

ಅವನು ಮೊದಲು ಫ್ಯಾನನ್ನು ನೋಡಿದ. ಅದರಿಂದ ಹೊರಟು ವೈರಿನ ಗುಂಟ ಕಣ್ಣಿನಲ್ಲೇ ಕಿಟಕಿಯವರೆಗೆ ಹೋಗಿ ಬಂದ. ಸ್ಟ್ಯಾಂಡನ್ನು ನೋಡಿದ, ಚಕ್ರಗಳನ್ನು ನೋಡಿದ. ಆಮೇಲೆ ಬಾಗಿ ಕೊಳವೆಯನ್ನು ನೋಡಿದ. ಅಲ್ಲಿ ನೇರಳೆ ಮೂಡಿ ಆಗಿತ್ತು. ಕೈ ಚಾಚಿ ಬೀಗದ ಕೈ ತಿರುಗಿಸಿ ಎಂಜಿನ್ ಆರಿಸಿದ.

"ಭಾವ," ಎಂದ ಬಹಳ ಮೆಲುವಾಗಿ, "ಖಾಲಿ ಪಾತ್ರೆ ಒಲೆ ಮೇಲೆ ಮರೆತುಬಿಟ್ರೆ ತಳ ಹೀಗೇ ನೀಲಿ ಆಗುತ್ತೆ. ವಾಪಸ್ ತರೋರಿಗೆಲ್ಲ ನಾನು ಇದನ್ನೇ ಹೇಳೋದು. ಗಾಡಿ ಓಡಿದ್ರೆ ಗಾಳಿ ಬಡಿದು ತಣ್ಣಗಾಗುತ್ತೆ. ಇದು ನಿಂತೇ ಬೆಂದಿದೆ. ನಿಮಗೆ ಓಡಿಸೋಕೇ ಬರಲ್ಲ, ಅಲ್ವಾ?"

ಗುಮಾಸ್ತರು ಫ್ಯಾನಿನ ಕತ್ತನ್ನು ಬಿಟ್ಟರು. ಅದು ಇಲ್ಲ ಇಲ್ಲವೆಂಬಂತೆ ಮತ್ತೆ ಅತ್ತಿತ್ತ ತಲೆಯಾಡಿಸತೊಡಗಿತು.

ವಿಚಾರಣೆ ಅತ್ತೆಯ ಕೋಣೆಯಲ್ಲಿ ನಡೆಯಿತು. ಅತ್ತೆ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಷಡ್ಡಕ ಹೆಲ್ಮೆಟ್ಟನ್ನು ಸಾಕ್ಷ್ಯದಂತೆ ತೊಡೆಯ ಮೇಲಿಟ್ಟುಕೊಂಡು, ಪಾತ್ರೆಯ ತಳ, ಒಲೆಯ ಉರಿ, ಲೋಹದ ಗುಣ ಎಲ್ಲವನ್ನೂ ಅಂಗಡಿಯ ದನಿಯಲ್ಲಿ ವಿವರಿಸಿದ. ತಾನು ಭಾವನವರನ್ನು ದೂರುತ್ತಿಲ್ಲ, ಮಾವನವರ ಗಾಡಿಯ ಮರ್ಯಾದೆಯ ಪ್ರಶ್ನೆ ಅಷ್ಟೇ ಎಂದ. ಆಹ್ವಾನವಿಲ್ಲದೆ ಬಂದು ಬಾಗಿಲಲ್ಲಿ ನಿಂತ ಔಷಧಿ ಅಂಗಡಿಯವರು, ಇದೆಲ್ಲ ಹೇಗೆ ಸಾಧ್ಯ, ಗುಮಾಸ್ತರು ಕಡಲು ನೋಡಿ ಬಂದವರು, ಬೀದಿಗೆಲ್ಲ ಗೊತ್ತು ಎಂದು ವಾದಿಸಿದರು. ಯಾವ ಕಡಲು ಎಂದು ಷಡ್ಡಕ ಕೇಳಿದ. ಅವರು ಗುಮಾಸ್ತರ ಮುಖ ನೋಡಿದರು. ಗುಮಾಸ್ತರು ನೆಲ ನೋಡಿದರು.

"ನನಗೆ ಓಡಿಸೋಕೆ ಬರಲ್ಲ ಅತ್ತೆ," ಎಂದರು ಗುಮಾಸ್ತರು. "ದಿನಾ ಅಂಗಳದಲ್ಲೇ ಸ್ಟಾರ್ಟ್ ಮಾಡಿ, ಹೋದ ಹಾಗೆ ಸದ್ದು ಮಾಡ್ತಿದ್ದೆ. ಬೀಗದ ಕೈ ಇಲ್ಲೇ ಇದೆ."

ಬೀಗದ ಕೈಯನ್ನು ಹಾಸಿಗೆಯ ಅಂಚಿನಲ್ಲಿಟ್ಟರು. ಷಡ್ಡಕನ ಬೆರಳುಗಳು ಹೆಲ್ಮೆಟ್ಟಿನ ಪಟ್ಟಿಯನ್ನು ಸಡಿಲಿಸಿದವು. ಅತ್ತೆ ಬೀಗದ ಕೈಯನ್ನು ಮುಟ್ಟಲಿಲ್ಲ.

"ಗೊತ್ತು," ಎಂದರು. "ಬಂದ ವಾರಾನೇ ಗೊತ್ತಾಯ್ತು. ಹೋಗೋ ಗಾಡಿ ಸದ್ದು ಪಕ್ಕಕ್ಕೆ ಸರಿದು ಸರಿದು ಹೋಗುತ್ತೆ. ಇದು ಇದ್ದಲ್ಲೇ ಸಣ್ಣ ಆಗ್ತಿತ್ತು. ಜೀವನ ಎಲ್ಲಾ ಆ ಸದ್ದು ಕೇಳಿದೋಳಿಗೆ ಅಷ್ಟೂ ತಿಳಿಯಲ್ವಾ?"

ಅಷ್ಟು ದಿನ ಕಷ್ಟಪಟ್ಟು ಕಟ್ಟಿದ ಕಲೆಗೆ ಮೊದಲ ದಿನದಿಂದಲೂ ಇದ್ದ ಒಬ್ಬರೇ ಶ್ರೋತೃ ಅದನ್ನು ನಂಬಿರಲೇ ಇಲ್ಲವೆಂಬುದು ಗುಮಾಸ್ತರನ್ನು ಗಾಡಿ ಹೋಗುವುದಕ್ಕಿಂತ ಹೆಚ್ಚು ನೋಯಿಸಿದಂತೆ ಕಂಡಿತು. ಮತ್ತೆ ಯಾಕಮ್ಮ ಸುಮ್ಮನಿದ್ದೆ ಎಂದು ಮಗಳು ಕೇಳಿದಳು.

ಅತ್ತೆ ಕಿಟಕಿಯಾಚೆಯ ಗೋಡೆಯನ್ನು ನೋಡುತ್ತ ಹೇಳಿದರು. ಅವರ ಯಜಮಾನರಿಗೆ ಬೆಳಗಾದರೆ ಯಾವುದೋ ಹಳ್ಳಿಯಿಂದ ಕರೆ ಬರುತ್ತಿತ್ತು. ಒಂದು ಹಸು ಈಯಲಾರದೆ ಒದ್ದಾಡುತ್ತಿದೆ, ಒಂದು ಎತ್ತು ಮೇಲೇಳುತ್ತಿಲ್ಲ. ಅವರು ಗಾಡಿ ಸ್ಟಾರ್ಟ್ ಮಾಡಿದ ಸದ್ದು ಕೇಳಿ ಅತ್ತೆ ಒಲೆ ತಗ್ಗಿಸಿ, ಕೈ ಒರೆಸಿಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಬೀದಿಯಲ್ಲಿ ಧೂಳು ಮಾತ್ರ ಇರುತ್ತಿತ್ತು.

"ಒಂದು ದಿನಾನೂ ಅದು ನನಗೋಸ್ಕರ ನಿಲ್ಲಲಿಲ್ಲ. ಈ ಮನೆಗೆ ಬಂದ ಮೇಲೆ ನಿಂತಿದೆ. ಅರ್ಧ ಗಂಟೆ ಇಲ್ಲೇ ಇರುತ್ತೆ. ನಾನು ಯಾಕೆ ಬೇಡ ಅನ್ಲಿ?"

ಅಂಗಳದಲ್ಲಿ ಯಾರೂ ಆರಿಸದೆ ಬಿಟ್ಟಿದ್ದ ಫ್ಯಾನು ತಿರುಗುತ್ತಲೇ ಇತ್ತು. ಆದರೆ ವ್ಯಾಪಾರಸ್ಥನಿಗೆ ಲೆಕ್ಕ ಮರೆಯುವುದಿಲ್ಲ. ಓಡಿಸದವರ ಹತ್ತಿರ ಗಾಡಿ ಇರಬಾರದೆಂದು ಷರತ್ತು ಹಾಕಿದವರು ಅತ್ತೆಯೇ ಎಂದು ಷಡ್ಡಕ ವಿನಯದಿಂದ ನೆನಪಿಸಿದ. ತಾನು ದಿನವೂ ಅಂಗಡಿಗೆ ಹೋಗಿಬರುವವನು, ನಿಜವಾಗಿ ಓಡಿಸುವವನು ಎಂದ.

"ನಿಂತ್ರೆ ತುಕ್ಕು ಹಿಡಿಯುತ್ತೆ ಅಂತ ಹಾಕಿದ್ದೆ," ಎಂದರು ಅತ್ತೆ. "ತುಕ್ಕು ಎಲ್ಲಿದೆ ತೋರ್ಸಿ."

ಷಡ್ಡಕನಿಗೆ ತುಕ್ಕು ಕಂಡಿರಲಿಲ್ಲ. ನೀಲಿ ಮಾತ್ರ ಕಂಡಿತ್ತು.

"ಆದ್ರೂ ನೀವು ಹೇಳೋದು ನ್ಯಾಯಾನೇ. ತಗೊಂಡು ಹೋಗಿ. ಒಂದೇ ಮಾತು. ಗಾಡಿ ಎಲ್ಲಿರುತ್ತೋ ನಾನೂ ಅಲ್ಲೇ. ನನ್ನ ಟ್ರಂಕು, ಹಾಸಿಗೆ ಎಲ್ಲಾ ನಾಳೆ ಕಳಿಸ್ತಾರೆ. ಬೆಳಿಗ್ಗೆ ಅರ್ಧ ಗಂಟೆ ಬಾಗಿಲ ಮುಂದೆ ನಿಲ್ಲಿಸಿ ಸದ್ದು ಮಾಡಿ, ಆಮೇಲೆ ಅಂಗಡಿಗೆ ಹೋಗಿ. ಸಂಜೇನೂ ಅಷ್ಟೇ."

ಷಡ್ಡಕ ಹೆಲ್ಮೆಟ್ಟಿನೊಳಗೆ ನೋಡಿದ, ಅಲ್ಲಿ ಏನಾದರೂ ಉತ್ತರ ಇಟ್ಟಿದ್ದಾರೇನೋ ಎಂಬಂತೆ. ತನ್ನ ಮನೆ ಮೂರನೆಯ ಮಹಡಿಯಲ್ಲಿದೆ, ಮೆಟ್ಟಿಲು ಬಹಳ ಕಡಿದು, ಅತ್ತೆಯ ಮಂಡಿಗೆ ಅದು ಒಳ್ಳೆಯದಲ್ಲ ಎಂಬ ಸಂಗತಿ ಅವನಿಗೆ ಅದೇ ಆಗ ಹೊಳೆಯಿತು. ಕೆಳಗಿನ ಮನೆಯವರು ಸದ್ದಿಗೆ ತಕರಾರು ಮಾಡುವವರು. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅರ್ಧ ಗಂಟೆ ಎಂದರೆ ಸಣ್ಣ ಹೊತ್ತಲ್ಲ. ಯೋಚಿಸುತ್ತ ಹೋದಂತೆ ಅವನ ಲೋಹಜ್ಞಾನವೂ ಮೆತ್ತಗಾಯಿತು. ನೀಲಿಯೆಂದರೆ ಕೆಟ್ಟಿದೆ ಎಂದೇನೂ ಅಲ್ಲ, ಒಳಗಿನ ಲೋಹಕ್ಕೆ ಏನೂ ಆಗಿರುವುದಿಲ್ಲ, ಮೇಲಿನ ಪ್ರಭೆ ಅಷ್ಟೇ. ನಿಜ ಹೇಳಬೇಕೆಂದರೆ ಕೆಲವು ಗಿರಾಕಿಗಳು ಅದನ್ನು ಇಷ್ಟಪಡುತ್ತಾರೆ ಎಂದ. ಹಿರಿಯ ಅಳಿಯ ಇರುವಾಗ ತಾನು ಗಾಡಿ ಒಯ್ಯುವುದು ಯಾವ ನ್ಯಾಯ ಎಂದೂ ಕೇಳಿದ. ಆ ಪ್ರಶ್ನೆಗೆ ಯಾರೂ ಅಡ್ಡಬರಲಿಲ್ಲ.

"ನಾನು ನಿಮ್ಮನ್ನ ಕರೆಸಿದ್ದು ಗಾಡಿ ಕೊಡೋಕಲ್ಲ," ಎಂದರು ಅತ್ತೆ. "ಅದ್ಯಾಕೆ ನೀಲಿ ಆಯ್ತು ಅಂತ ಗೊತ್ತಾಗ್ಬೇಕಿತ್ತು. ಎಲ್ರೂ ನೋಡಿದೀರಿ, ನಾನೊಬ್ಳೇ ನೋಡಿಲ್ಲ. ನನ್ನನ್ನ ಹೊರಗೆ ಕರ್ಕೊಂಡು ಹೋಗಿ."

ಇಬ್ಬರು ಅಳಿಯಂದಿರೂ ಆಚೀಚೆ ತೋಳು ಹಿಡಿದು ಅವರನ್ನು ಅಂಗಳಕ್ಕೆ ಕರೆತಂದರು. ಔಷಧಿ ಅಂಗಡಿಯವರು ಕುರ್ಚಿ ಹಿಡಿದು ಮುಂದೆ ಓಡಿದರು. ಕೊಳವೆಗೆ ಎದುರಾಗಿ ಕುರ್ಚಿ ಹಾಕಿದರು. ಮೊದಲು ಯಜಮಾನರ ಕಾಲದ ಕನ್ನಡಿಯಂಥ ಪೈಪು ನೋಡಬೇಕೆಂದು ಅತ್ತೆ ಹೇಳಿದ್ದರಿಂದ, ಷಡ್ಡಕನೇ ತೋಳು ಮಡಚಿ, ಮೆಕ್ಯಾನಿಕ್ ಬಿಟ್ಟುಹೋಗಿದ್ದ ಪಾಲಿಶಿನಿಂದ ಬೆಳಗಿನ ಬಣ್ಣವನ್ನೆಲ್ಲ ಉಜ್ಜಿ ತೆಗೆದ. ಕನ್ನಡಿಯಾದ ಬಾಗಿನಲ್ಲಿ ಐದು ಮುಖಗಳು ಸೊಟ್ಟಸೊಟ್ಟಗೆ ಮೂಡಿದವು.

ಗುಮಾಸ್ತರು ಕಿಕ್ ಹೊಡೆದರು. ಹೆಂಡತಿ ಫ್ಯಾನನ್ನು ಆರಿಸಿದಳು. ಹೋದ ಹಾಗೆ ಮಾಡುವ ಕೆಲಸವಿಲ್ಲದ್ದರಿಂದ ಗುಮಾಸ್ತರ ಮಣಿಕಟ್ಟು ಸುಮ್ಮನೆ ಹಿಡಿಕೆಯ ಮೇಲೆ ಕೂತಿತ್ತು. ಉಳಿದವರೆಲ್ಲ ಕುರ್ಚಿಯ ಸುತ್ತ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಮುಖಗಳ ಮೇಲೆ ಒಣಹುಲ್ಲಿನ ಹಳದಿ ಸರಿಯಿತು. ಅದು ಈಗ ಬಂತೆಂದು ಯಾರಿಗೂ ಹೇಳಲಾಗಲಿಲ್ಲ, ಇರಲಿಲ್ಲ, ಇತ್ತು. ಜೇನು ಬಂತು. ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ನೇರಳೆ ಹಿಂದಿನಿಂದ ತಳ್ಳಿಕೊಂಡು ಬಂತು, ಅದರ ಬೆನ್ನಿಗೆ, ಎಂಜಿನ್ನಿನ ಬುಡದಿಂದ, ನೀಲಿ ನಿಧಾನವಾಗಿ ಮೇಲಕ್ಕೆ ಹರಿಯಿತು.

ನೀಲಿ ಬಂದ ಮೇಲೆ ಗುಮಾಸ್ತರು ಬೀಗದ ಕೈಗೆ ಕೈ ಹಾಕಿದರು. ಅತ್ತೆ ಬೇಡವೆಂದು ಕೈ ಎತ್ತಿ ತಡೆದರು.

"ಇನ್ನೂ ಸ್ವಲ್ಪ ಹೊತ್ತು ಬಿಟ್ರೆ ಏನಾಗುತ್ತೆ?" ಎಂದರು. "ಹಸಿರು ಬರುತ್ತಾ?"

ಬರುವುದಿಲ್ಲ, ನೀಲಿಯೇ ಕೊನೆ ಎಂದು ಷಡ್ಡಕ ಹೇಳಿದ. ಆದರೆ ಅವನ ದನಿ ಅಂಗಡಿಯ ದನಿಯಾಗಿರಲಿಲ್ಲ. ಬಂದರೂ ಬರಬಹುದು, ಔಷಧಿಯ ಕೆಲವು ಲವಣಗಳಲ್ಲಿ ತಾವು ನೋಡಿರುವುದುಂಟು ಎಂದರು ಔಷಧಿ ಅಂಗಡಿಯವರು. ಹೆಂಡತಿ ಇಬ್ಬರನ್ನೂ ಸುಮ್ಮನಿರಲು ಹೇಳಿ, ನೀಲಿಯ ಬುಡದಲ್ಲಿ ಏನೋ ಕದಲಿದಂತಿದೆ ಎಂದು ಬೆರಳು ತೋರಿಸಿದಳು. ಐದು ತಲೆಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದವು.

ಗುಮಾಸ್ತರು ಎಂಜಿನ್ ನಿಲ್ಲಿಸಲಿಲ್ಲ.